ಹೈಡ್ರೋಜನ್ ಸೆಲ್: ಆರನೇ ವಾರ, ಕೊನೆಗೂ ಫ್ಯಾನ್ ತಿರುಗಿತು

ಭಾನುವಾರ ಸಂಜೆ ಫ್ಯಾನ್ ತಿರುಗಿತು. ಬೆರಳುದ್ದದ ಆಟಿಕೆ ಫ್ಯಾನ್ ಅಷ್ಟೇ. ಓಡಿಸಿದ್ದು ಹೈಡ್ರೋಜನ್, ಆಕ್ಸಿಜನ್ ಸೇರಿಸಿ ಕರೆಂಟ್ ಮಾಡುವ ಸೆಲ್, ಅಂದರೆ ಫ್ಯೂಯೆಲ್ ಸೆಲ್. ಹೈಡ್ರೋಜನ್ ಮುಗಿಯುವವರೆಗೆ, ಸರಿಯಾಗಿ 21 ನಿಮಿಷ ಓಡಿತು. ಮನೆಯವರು ಬಂದು ನೋಡಿ, "ಇದಕ್ಕ ಆರು ವಾರ ಬೇಕಾತೇನು?" ಎಂದು ಕೇಳಿ ಹೋದರು.

ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ಎರಡು ಪೆನ್ಸಿಲ್ ಕಡ್ಡಿ, ಅಡುಗೆ ಸೋಡಾ ಬೆರೆಸಿದ ಒಂದು ಲೋಟ ನೀರು, 9 ವೋಲ್ಟ್ ಬ್ಯಾಟರಿ. (ಸೋಡಾ ಬದಲು ಉಪ್ಪು ಹಾಕಬೇಡಿ, ಕ್ಲೋರಿನ್ ಎದ್ದು ಮೂಗು ಉರಿಯುತ್ತದೆ.) ಸ್ವಲ್ಪ ಹೊತ್ತು ಗುಳ್ಳೆ ಬರಿಸಿ, ಬ್ಯಾಟರಿ ತೆಗೆದು ಮೀಟರ್ ಹಚ್ಚಿದೆ. ಒಂದು ವೋಲ್ಟ್‌ಗಿಂತ ಜಾಸ್ತಿ ತೋರಿಸಿ ಸರ್ರನೆ ಇಳಿಯಿತು. ಕಡ್ಡಿಗೆ ಅಂಟಿದ್ದ ಹೈಡ್ರೋಜನ್, ಆಕ್ಸಿಜನ್ ಗುಳ್ಳೆಗಳು ಮತ್ತೆ ಸೇರುವಾಗ ಕೊಟ್ಟ ಕರೆಂಟ್ ಅದು. 1842ರ ಹೊತ್ತಿಗೆ ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಗ್ರೋವ್ ಪ್ಲಾಟಿನಂ ಪಟ್ಟಿ ಹಿಡಿದು ಮಾಡಿದ್ದೂ ಇದೇ ಕೆಲಸ.

ಆಮೇಲೆ ಒಂದು ಪುಟ್ಟ ಸೆಲ್ ತರಿಸಿದೆ. ಕರೆಂಟ್ ಕೊಟ್ಟರೆ ಅದು ನೀರು ಒಡೆಯುತ್ತದೆ, ಗ್ಯಾಸ್ ಕೊಟ್ಟರೆ ಕರೆಂಟ್ ಕೊಡುತ್ತದೆ. ಒಳಗೆ ತೆಳು ಪ್ಲಾಸ್ಟಿಕ್ ಹಾಳೆಯಂಥ ಪೊರೆ, ಅದರ ಎರಡೂ ಬದಿಗೆ ಪ್ಲಾಟಿನಂ ಸವರಿದ ಪದರ. ಪ್ಲಾಟಿನಂ ತಾಗಿದ ಹೈಡ್ರೋಜನ್ ಒಡೆದು ಪ್ರೋಟಾನ್, ಎಲೆಕ್ಟ್ರಾನ್ ಬೇರೆಯಾಗುತ್ತವೆ. ಪೊರೆ ಪ್ರೋಟಾನನ್ನು ಮಾತ್ರ ದಾಟಿಸುತ್ತದೆ. ನಮ್ಮ ಹುಬ್ಬಳ್ಳಿಯಲ್ಲಿ ರೈಲ್ವೆ ಗೇಟ್ ಬಿದ್ದಾಗ ನಡೆಯುವವರು ಕೆಳಗೆ ನುಸುಳುತ್ತಾರೆ, ಬೈಕಿನವರು ಬ್ರಿಡ್ಜ್ ಸುತ್ತಿ ಬರುತ್ತಾರೆ, ಅಲ್ವಾ? ಎಲೆಕ್ಟ್ರಾನ್ ಪಾಡು ಬೈಕಿನವರದ್ದು. ಅದು ಸುತ್ತುವ ತಂತಿಯ ನಡುವೆ ಫ್ಯಾನ್ ಕೂರಿಸಿದ್ದೇನೆ. ಆಚೆ ಬದಿಯಲ್ಲಿ ಎರಡೂ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತವೆ. ಉರಿ ಇಲ್ಲ, ಹೊಗೆ ಇಲ್ಲ. ಅಪೋಲೋ ಗಗನಯಾತ್ರಿಗಳು ಇಂಥ ಸೆಲ್‌ನಿಂದ ಬಂದ ನೀರನ್ನೇ ಕುಡಿದರು. 2024ರ ಜನವರಿಯಲ್ಲಿ ನಮ್ಮ ಇಸ್ರೋ ಕೂಡ 100 ವ್ಯಾಟ್ ದರ್ಜೆಯ ಫ್ಯೂಯೆಲ್ ಸೆಲ್ಲನ್ನು ಕಕ್ಷೆಯಲ್ಲಿ ಪರೀಕ್ಷೆ ಮಾಡಿತು.

ನನ್ನ ಮೊದಲ ಸೆಲ್ ಮಾತ್ರ ನಾಲ್ಕೇ ದಿನಕ್ಕೆ ಸತ್ತಿತು. ತಪ್ಪು ನನ್ನದೇ. ಅವತ್ತು ನಳದ ನೀರು ಬಂದಿರಲಿಲ್ಲ, ಸುಮ್ನೆ ಬೋರ್‌ವೆಲ್ ನೀರು ಹಾಕಿದೆ. ಕೊಡದ ತಳಕ್ಕೆ ಬಿಳಿ ಸುಣ್ಣ ಕಟ್ಟುವ ನೀರು ಅದು. ಅದರಲ್ಲಿನ ಕ್ಯಾಲ್ಸಿಯಂ ಹೋಗಿ ಪೊರೆಯಲ್ಲಿ ಪ್ರೋಟಾನ್ ಕೂರುವ ಜಾಗ ಹಿಡಿಯಿತು. ಇನ್ನು ಪ್ರೋಟಾನ್ ಎಲ್ಲಿಂದ ದಾಟಬೇಕು? ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಎರಡನೆಯದಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಮುಟ್ಟಿಸಿಲ್ಲ. ಈ ಬಿಸಿಲಿಗೆ ಪೊರೆ ಒಣಗಿದರೂ ವೋಲ್ಟೇಜ್ ಕುಸಿಯುತ್ತದೆ, ನಾಲ್ಕು ಹನಿ ಬಿಟ್ಟರೆ ಏಳುತ್ತದೆ.

ಈಗ ಲೆಕ್ಕ. 1.8 ವೋಲ್ಟ್, ಅರ್ಧ ಆಂಪಿಯರ್, 10 ನಿಮಿಷ ಕೊಟ್ಟೆ. ಅಂದರೆ 540 ಜೂಲ್. ಬಂದ ಹೈಡ್ರೋಜನ್ ಸುಮಾರು 37 ಮಿ.ಲೀ. ಪುಸ್ತಕದ ಪ್ರಕಾರ ಒಂದು ಸೆಲ್ 1.23 ವೋಲ್ಟ್ ಕೊಡಬೇಕು. ನನ್ನದು ಏನೂ ಹಚ್ಚದೆ ಇದ್ದಾಗ 0.92, ಫ್ಯಾನ್ ಹಚ್ಚಿದರೆ 0.65. 0.2 ಆಂಪಿಯರ್‌ನಂತೆ 21 ನಿಮಿಷಕ್ಕೆ ವಾಪಸ್ ಬಂದದ್ದು 164 ಜೂಲ್. ನೂರು ರೂಪಾಯಿ ಇಟ್ಟವನ ಕೈಗೆ ಮೂವತ್ತು!

ಪಕ್ಕದ ಮನೆಯ ಹುಡುಗ ಕೇಳಿದ: "ನೀರ್ ಹಾಕಿದ್ರ ಗಾಡಿ ಓಡ್ತೈತೇನ್ರಿ?" ಇಲ್ಲಪ್ಪ. ನೀರು ಆಗಲೇ ಉರಿದು ಮುಗಿದ ಹೈಡ್ರೋಜನ್, ಒಲೆಯ ಬೂದಿ ಇದ್ದಂತೆ. ಅದನ್ನು ಮತ್ತೆ ಒಡೆಯಲು ಬೇರೆ ಕಡೆಯಿಂದ ಶಕ್ತಿ ತರಬೇಕು. ಒಂದು ಕೆ.ಜಿ. ಹೈಡ್ರೋಜನ್‌ನಲ್ಲಿ ಸುಮಾರು 33 ಯೂನಿಟ್ ಇರುತ್ತದೆ, ಪೆಟ್ರೋಲ್‌ನ ಎರಡೂವರೆ ಪಟ್ಟು ಜಾಸ್ತಿ. ಆದರೆ ನೀರು ಒಡೆದು ಅಷ್ಟು ಹೈಡ್ರೋಜನ್ ಮಾಡಲು 50 ಯೂನಿಟ್ ದಾಟುತ್ತದೆ. ಇವತ್ತು ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬರುವುದು. ಅಲ್ಲಿ ಹೊಗೆ ಕಾರಿನಿಂದ ಕಾರ್ಖಾನೆಗೆ ಹೋಯಿತು, ಅಷ್ಟೇ.

ಇಟ್ಟುಕೊಳ್ಳುವುದು ಇನ್ನೂ ಕಷ್ಟ. ರಾತ್ರಿ 37 ಮಿ.ಲೀ. ತುಂಬಿಸಿ ಮಲಗಿದೆ, ಬೆಳಿಗ್ಗೆ 24. ಎಲ್ಲೂ ತೂತಿಲ್ಲ. ಸಿಲಿಕೋನ್ ಕೊಳವೆಯ ಗೋಡೆಯಿಂದಲೇ ಸೋರಿದೆ, ಅಷ್ಟು ಸಣ್ಣ ಅಣು. ಕಾರಿನಲ್ಲಿ ಇದನ್ನು 700 ಬಾರ್ ಒತ್ತಡದಲ್ಲಿ ತುಂಬುತ್ತಾರೆ. ದ್ರವ ಮಾಡಬೇಕೆಂದರೆ ಮೈನಸ್ 253 ಡಿಗ್ರಿ. ಗಾಳಿಯಲ್ಲಿ 4ರಿಂದ 75 ಶೇಕಡಾ ಬೆರೆತರೂ ಹೊತ್ತಿಕೊಳ್ಳುತ್ತದೆ, ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ನನ್ನ ಪ್ರಯೋಗವೆಲ್ಲ ಕಟ್ಟೆಯ ಮೇಲೆ, ಬಯಲಲ್ಲಿ.

ಹಾಗಾದರೆ ದಂಡವೇ? ಸ್ಕೂಟರಿಗೆ ದಂಡವೇ, ಬ್ಯಾಟರಿ ಸಾಕು. ದಿನಗಟ್ಟಲೆ ಓಡುವ ಲಾರಿಗೆ ಲೆಕ್ಕ ಬೇರೆ. ಅದಕ್ಕೆ ಟನ್‌ಗಟ್ಟಲೆ ಬ್ಯಾಟರಿ ಹೊರುವುದೂ ಕಷ್ಟ, ಗಂಟೆಗಟ್ಟಲೆ ಚಾರ್ಜಿಗೆ ನಿಲ್ಲುವುದೂ ಕಷ್ಟ. ಹೈಡ್ರೋಜನ್ ಆದರೆ ನಿಮಿಷಗಳಲ್ಲಿ ತುಂಬುತ್ತದೆ. ಗದಗದ ಕಡೆ ಹೋದಾಗ ಕಪ್ಪತಗುಡ್ಡದ ಗಾಳಿಯಂತ್ರ ನೋಡಿದರೆ ಈಗ ಇದೇ ತಲೆಯಲ್ಲಿ ಓಡುತ್ತದೆ. ಬೇಡಿಕೆ ಇಲ್ಲದ ಹೊತ್ತಿನ ಗಾಳಿ ಹೈಡ್ರೋಜನ್ ಆದರೆ, ಮೂವತ್ತೇ ವಾಪಸ್ ಬಂದರೂ ಅದು ಲಾಭವೇ.

ಮುಂದಿನ ಕೆಲಸ: ಕೆಂಪು ಎಲ್‌ಇಡಿ ಉರಿಯಲು 1.8 ವೋಲ್ಟ್ ಬೇಕು, ಅಂದರೆ ಮೂರು ಸೆಲ್ ಸಾಲಾಗಿ. ಸತ್ತ ಪೊರೆಯನ್ನು ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಕಾಯಿಸಿದರೆ ಕ್ಯಾಲ್ಸಿಯಂ ಜಾಗ ಬಿಡುತ್ತದಂತೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಧಾರವಾಡದಲ್ಲಿ ಲ್ಯಾಬ್ ಇರುವ ಗೆಳೆಯ ಒಪ್ಪಿದ್ದಾನೆ, ಬರುವಾಗ ಮಿರ್ಚಿ ಕಟ್ಟಿಸಿಕೊಂಡು ಬರಬೇಕಂತೆ.