ಸೆಲ್ಲರ್ ಡೋರ್‌ನಲ್ಲಿ ಸಿಗದ ಶಿರಾಜ್: ಬರೋಸಾಕ್ಕೆ ಹೊರಟವರಿಗೆ ಒಂದಿಷ್ಟು ಮಾತು

ಇಷ್ಟದ ವೈನರಿಯ ಲಿಮಿಟೆಡ್ ರಿಲೀಸ್ ಶಿರಾಜ್ (ಅದೇ ಹೆಸರಿನ ದ್ರಾಕ್ಷಿಯಿಂದ ಮಾಡಿ, ಕೆಲವೇ ಬಾಟಲಿ ಬಿಡುವ ಕೆಂಪು ವೈನ್) ಬೇಕು ಅಂತ ಆಸ್ಟ್ರೇಲಿಯಾದ ಬರೋಸಾ ವ್ಯಾಲಿಗೆ ಹೊರಟಿದ್ದೀರಾ? ಹಾಗಾದರೆ ಮೊದಲೇ ಹೇಳಿಬಿಡುತ್ತೇನೆ. ಆ ಬಾಟಲಿ ಎಲ್ಲಿ ಸಿಕ್ಕರೂ ಸಿಗಬಹುದು, ಆ ವೈನರಿಯಲ್ಲಿ ಸಿಗುವುದು ಕಷ್ಟ.

ನಾನು ವರ್ಷಗಟ್ಟಲೆ ಮೆಚ್ಚಿಕೊಂಡು ಬಂದ ಸಣ್ಣ ವೈನರಿ ಅದು. ಹೊರಡುವ ಮುಂಚೆ ಇಮೇಲ್ ಹಾಕಿ ಕೇಳಿದ್ದೆ. ‘ಬನ್ನಿ, ಅಷ್ಟೊತ್ತಿಗೆ ರಿಲೀಸ್ ಆಗಿರುತ್ತದೆ, ರುಚಿ ನೋಡಬಹುದು’ ಅಂತ ಉತ್ತರವೂ ಬಂದಿತ್ತು. ಹೋಗಿ ನೋಡಿದರೆ ಕೌಂಟರಿನ ಹಿಂದೆ ಒಂದು ಕಪ್ಪು ಹಲಗೆ, ಅದರಲ್ಲಿ ಆ ವೈನಿನ ಹೆಸರು, ಹೆಸರಿನ ಮೇಲೆ ಸೀಮೆಸುಣ್ಣದ ಅಡ್ಡಗೀಟು. ರಿಲೀಸ್ ಆಗಿದ್ದು ನಿಜ. ಮೇಲಿಂಗ್ ಲಿಸ್ಟ್‌ನಲ್ಲಿದ್ದವರಿಗೆ ಹಂಚಿ ಮುಗಿದಿದ್ದೂ ನಿಜ. ರುಚಿಗೆ ಅಂತ ಇಟ್ಟಿದ್ದ ಕೊನೆಯ ಬಾಟಲಿಯೂ ಹಿಂದಿನ ವಾರವೇ ಖಾಲಿಯಾಗಿತ್ತು. ಕೌಂಟರಿನಲ್ಲಿದ್ದ ಹುಡುಗ ‘ಸಾರಿ’ ಅಂದು ಬೇರೆ ಯಾವುದೋ ಬಾಟಲಿಗೆ ಕೈ ಹಾಕಿದ. ವೈನರಿಯ ಹೆಸರು ಹೇಳುವುದಿಲ್ಲ. ಸಿಟ್ಟು ಇದ್ದೇ ಇದೆ. ಆದರೂ ಅವರ ಶಿರಾಜ್ ಮೇಲಿನ ಆಸೆ ಹೋಗಿಲ್ಲ, ಸುಮ್ನೆ ಹೆಸರು ಹೇಳಿ ಲಿಸ್ಟ್‌ನಲ್ಲಿ ಇನ್ನಷ್ಟು ಜನರನ್ನು ನನ್ನ ಮುಂದೆ ಯಾಕೆ ನಿಲ್ಲಿಸಲಿ?

ಇದು ಅಲ್ಲಿ ನಡೆಯುವ ರೀತಿಯೇ ಹಾಗೆ. ಒಳ್ಳೆಯ ಸಣ್ಣ ವೈನರಿಗಳು ಒಂದು ಲಿಸ್ಟ್ ಇಟ್ಟುಕೊಂಡಿರುತ್ತವೆ. ರಿಲೀಸ್ ಹತ್ತಿರ ಬಂದಾಗ ಲಿಸ್ಟ್‌ನಲ್ಲಿರುವವರಿಗೆ ಪತ್ರ ಹೋಗುತ್ತದೆ, ‘ನಿಮಗೆ ಇಷ್ಟು ಬಾಟಲಿ’ ಅಂತ. ಇದಕ್ಕೆ ಅಲೊಕೇಶನ್ ಅನ್ನುತ್ತಾರೆ. ಅವರು ತೆಗೆದುಕೊಂಡು ಉಳಿದರೆ ಸೆಲ್ಲರ್ ಡೋರ್‌ಗೆ, ಅಂದರೆ ವೈನರಿಯಲ್ಲೇ ರುಚಿ ತೋರಿಸಿ ಮಾರುವ ಕೋಣೆಗೆ ಬರುತ್ತದೆ. ಆದ್ದರಿಂದ ಟಿಕೆಟ್ ತೆಗೆಯುವ ಮುಂಚೆಯೇ ಲಿಸ್ಟ್‌ಗೆ ಹೆಸರು ಕೊಡಿ. ಆಸ್ಟ್ರೇಲಿಯಾದ ವಿಳಾಸ ಕೇಳುತ್ತಾರೆ, ಅಲ್ಲಿರುವ ನೆಂಟರದ್ದು ಕೊಟ್ಟರೆ ಆಯಿತು. ನಾನು ಮೆಲ್ಬರ್ನ್‌ನಲ್ಲಿರುವ ಭಾವನ ವಿಳಾಸ ಕೊಟ್ಟಿದ್ದೇನೆ. ಇಮೇಲ್ ನಂಬಬೇಡಿ, ಫೋನ್ ಮಾಡಿ. ‘ರಿಲೀಸ್ ಆಗಿದೆಯಾ?’ ಅಂತ ಕೇಳಿದರೆ ಹೌದು ಅನ್ನುತ್ತಾರೆ. ‘ನನಗೆ ಒಂದು ಬಾಟಲಿ ಹೆಸರು ಬರೆದು ಎತ್ತಿಡುತ್ತೀರಾ?’ ಅಂತ ಕೇಳಬೇಕು. ಆಗ ನಿಜ ಹೊರಬರುತ್ತದೆ.

‘ಲಿಮಿಟೆಡ್ ರಿಲೀಸ್’ ಅನ್ನುವುದು ಯಾರು ಬೇಕಾದರೂ ಲೇಬಲ್ ಮೇಲೆ ಹಾಕಿಕೊಳ್ಳಬಹುದಾದ ಮಾತು. ಮಾಡಿದ್ದು ಎಷ್ಟು ಡಜನ್ ಅಂತ ಕೇಳಿ. ಮುಚ್ಚುಮರೆ ಇಲ್ಲದವರು ತಕ್ಷಣ ಹೇಳುತ್ತಾರೆ. ‘ಓಲ್ಡ್ ವೈನ್’ (ಇಲ್ಲಿ ವೈನ್ ಅಂದರೆ ಕುಡಿಯುವುದಲ್ಲ, ದ್ರಾಕ್ಷಿ ಬಳ್ಳಿ) ಅನ್ನುವುದಕ್ಕೆ ಮಾತ್ರ ಬರೋಸಾದವರು 2009ರಲ್ಲಿ ತಮ್ಮದೇ ಒಂದು ಲೆಕ್ಕ ಮಾಡಿಕೊಂಡಿದ್ದಾರೆ. ಬಳ್ಳಿಗೆ 35 ವರ್ಷ ದಾಟಿದರೆ ಓಲ್ಡ್, 70 ದಾಟಿದರೆ ಸರ್ವೈವರ್, 100 ದಾಟಿದರೆ ಸೆಂಟಿನೇರಿಯನ್, 125 ದಾಟಿದರೆ ಆನ್ಸೆಸ್ಟರ್. ಬರೋಸಾದ ತನುಂಡಾ ಊರಿನ ಲ್ಯಾಂಗ್ಮೈಲ್ ವೈನರಿಯ ಪಕ್ಕದಲ್ಲೇ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳಿವೆ, ಇವತ್ತಿಗೂ ಹಣ್ಣು ಬಿಡುತ್ತವೆ. ಇಷ್ಟು ಹಳೆಯ ಬಳ್ಳಿ ಗೊಂಚಲು ಬಿಡುವುದೇ ಕಡಿಮೆ, ಹಾಗಾಗಿ ಬಾಟಲಿಯೂ ಕಡಿಮೆ. ಅದರ ಮೇಲೆ ಮಳೆ ಕೆಟ್ಟರೆ ಆ ವರ್ಷವೇ ಇಲ್ಲ. 2011ರಲ್ಲಿ ಮಳೆ ಜಾಸ್ತಿಯಾಗಿ ಹೆನ್ಷ್ಕೆ ವೈನರಿಯವರು ತಮ್ಮ ‘ಹಿಲ್ ಆಫ್ ಗ್ರೇಸ್’ ಶಿರಾಜ್ ಬಿಡುಗಡೆಯನ್ನೇ ಮಾಡಲಿಲ್ಲ. ಯಾರಾದರೂ ಆ ವರ್ಷದ್ದು ಅಂತ ನಿಮಗೆ ಮಾರಲು ಬಂದರೆ ಅಲ್ಲಿಂದ ಎದ್ದು ಬನ್ನಿ.

ಇಲ್ಲೇ ಒಂದು ಎಚ್ಚರಿಕೆ. ಹಳೆಯ ಬಳ್ಳಿ ಕಂಡಿತು ಅಂತ ಫೋಟೋಗೆ ತೋಟದೊಳಗೆ ನುಗ್ಗಬೇಡಿ. ಫಿಲೊಕ್ಸೆರಾ ಅಂತ ಬೇರು ತಿನ್ನುವ ಒಂದು ಸಣ್ಣ ಹುಳು ಇದೆ. ಅದು 1877ರಲ್ಲಿ ಪಕ್ಕದ ವಿಕ್ಟೋರಿಯಾ ರಾಜ್ಯದ ಜಿಲಾಂಗ್‌ನಲ್ಲಿ ಕಾಣಿಸಿಕೊಂಡಿತು, ಬರೋಸಾ ಇರುವ ಸೌತ್ ಆಸ್ಟ್ರೇಲಿಯಾ ರಾಜ್ಯಕ್ಕೆ ಮಾತ್ರ ಇನ್ನೂ ಕಾಲಿಟ್ಟಿಲ್ಲ. ಆ ಬಳ್ಳಿಗಳು ಉಳಿದಿರುವುದೇ ಅದರಿಂದ. ಹುಳು ಬೂಟಿನ ಮಣ್ಣಿನಲ್ಲಿ ಬರುತ್ತದೆ. ವಿಕ್ಟೋರಿಯಾದ ಯಾರಾ ವ್ಯಾಲಿಯ ತೋಟ ಸುತ್ತಿಕೊಂಡು ಅದೇ ಬೂಟಿನಲ್ಲಿ ಇಲ್ಲಿಗೆ ಬರುವವರು ನಮ್ಮವರಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೇಲಿಯ ಆಚೆ ನಿಂತೇ ಫೋಟೋ ತೆಗೆಯಿರಿ. ಮೆಲ್ಬರ್ನ್ ಕಡೆಯಿಂದ ಕಾರಿನಲ್ಲಿ ಬರುವವರು ಹಣ್ಣನ್ನೂ ತರಬೇಡಿ, ರಾಜ್ಯದ ಗಡಿಯಲ್ಲಿ ಬುಟ್ಟಿಗೆ ಹಾಕಬೇಕಾಗುತ್ತದೆ. ಭಾವ ಸೇಬು ಎಸೆಯಲು ಮನಸ್ಸಿಲ್ಲದೆ ರಸ್ತೆ ಬದಿ ನಿಂತು ಒಂದಾದ ಮೇಲೊಂದು ತಿಂದು ಮುಗಿಸಿದರಂತೆ.

ಭಾವ ಬಂದು ಸೇರುವ ಮುಂಚೆ ಒಂದು ದಿನ ಅಡಿಲೇಡ್‌ನಿಂದ ಟೂರ್ ಬಸ್ಸಿನಲ್ಲಿ ಹೋಗಿದ್ದೆ. ಆ ದಿನದ ಬಗ್ಗೆ ಹೇಳಲೇಬೇಕು. ಬರೋಸಾ ಅಡಿಲೇಡ್‌ನಿಂದ ಸುಮಾರು ಒಂದು ಗಂಟೆಯ ದಾರಿ. ನಮ್ಮ ಮಿನಿ ಬಸ್ಸು ಊರಿನ ಹೋಟೆಲ್ ಹೋಟೆಲ್ ಸುತ್ತಿ ಜನ ತುಂಬಿಸಿಕೊಂಡು ಊರು ಬಿಡುವ ಹೊತ್ತಿಗೇ ಒಂದೂವರೆ ಗಂಟೆ ಕಳೆದಿತ್ತು. ಫೆಬ್ರುವರಿ ಕೊನೆಯ ಬಿಸಿಲು, ಹೊರಗೆ 39 ಡಿಗ್ರಿ. ಎಸಿ ಮುಂದಿನ ಎರಡು ಸೀಟಿಗೆ ಮಾತ್ರ ಗಾಳಿ ಬಿಡುತ್ತಿತ್ತು. ಹಿಂದೆ ಮದುವೆಗೆ ಮುಂಚಿನ ಪಾರ್ಟಿಗೆ ಹೊರಟ ಹುಡುಗಿಯರ ಗುಂಪು, ತಲೆಗೆ ಪ್ಲಾಸ್ಟಿಕ್ ಕಿರೀಟ, ಬೆಳಗ್ಗೆಯೇ ಹಾಡು. ಅವರ ಖುಷಿ ಅವರದ್ದು, ನನಗೆ ತಲೆನೋವು. ‘ಸಣ್ಣ ಕುಟುಂಬಗಳ ವೈನರಿಗೆ ಕರೆದುಕೊಂಡು ಹೋಗುತ್ತೇವೆ’ ಅಂತ ಹೇಳಿದ್ದವರು ಇಳಿಸಿದ್ದು ಬಸ್ಸುಗಳು ಸಾಲುಗಟ್ಟಿ ನಿಲ್ಲುವ ದೊಡ್ಡ ಜಾಗಗಳಲ್ಲಿ. ಒಂದೊಂದರಲ್ಲಿ ಮೂವತ್ತು, ನಲವತ್ತು ನಿಮಿಷ. ಸಾಲಿನಲ್ಲಿ ನಿಂತು ಗ್ಲಾಸು ಕೈಗೆ ಬರುವಷ್ಟರಲ್ಲಿ ಡ್ರೈವರ್ ಗಡಿಯಾರ ತೋರಿಸುತ್ತಿದ್ದ. ಲಿಮಿಟೆಡ್ ರಿಲೀಸ್ ಏನಾದರೂ ಇದೆಯಾ ಅಂತ ಕೇಳಿದರೆ ‘ಅದು ಈ ಪ್ಯಾಕೇಜ್‌ನಲ್ಲಿ ಬರುವುದಿಲ್ಲ’ ಅನ್ನುವ ಉತ್ತರ. ಗದ್ದಲ ಇಷ್ಟಪಡುವವರಿಗೆ ಇದು ಚೆನ್ನಾಗಿಯೇ ಇರಬಹುದು. ಬಾಟಲಿ ಹುಡುಕಲು ಹೊರಟವರಿಗೆ ಇದು ಬೇಡವೇ ಬೇಡ.

ಅಡಿಲೇಡ್‌ನಿಂದ ರೈಲಿನಲ್ಲಿ ಬರೋಸಾಕ್ಕೆ ಮುಂಚೆ ಸಿಗುವ ಗಾಲರ್‌ವರೆಗೆ ಆರಾಮವಾಗಿ ಹೋಗಬಹುದು. ಅಲ್ಲಿಂದ ಮುಂದಿನ ಬಸ್ಸುಗಳು ಬೆರಳೆಣಿಕೆ. ಸೈಕಲ್ ತುಳಿಯುವವರಿಗೆ ಗಾಲರ್‌ನಿಂದ ತನುಂಡಾ, ನುರಿಯೂಟ್ಪಾ ಹಾದು ಆಂಗಸ್ಟನ್‌ವರೆಗೆ ಸುಮಾರು 40 ಕಿಲೋಮೀಟರಿನ ಬರೋಸಾ ಟ್ರೈಲ್ ಇದೆ. ಆದರೆ ಬಾಟಲಿ ಹೊರುವುದು ಹೇಗೆ? ಕುಡಿಯದ ಒಬ್ಬರು ಕಾರು ಓಡಿಸಿದರೆ ಅದಕ್ಕಿಂತ ಒಳ್ಳೆಯದು ಇಲ್ಲ. ನನಗೆ ಭಾವ ಇದ್ದರು. ‘ಏನಪ್ಪಾ, ದ್ರಾಕ್ಷಿ ರಸಕ್ಕೆ ಇಷ್ಟು ದೂರನಾ?’ ಅಂತ ರೇಗಿಸುತ್ತಲೇ ಮಣ್ಣಿನ ರಸ್ತೆಗಳಲ್ಲೆಲ್ಲಾ ಕಾರು ಓಡಿಸಿದರು.

ನೀವೇ ಓಡಿಸುವುದಾದರೆ ಲೆಕ್ಕ ಇಟ್ಟುಕೊಳ್ಳಿ. ಅಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಮಿತಿ 0.05. ಬರೋಸಾ ಶಿರಾಜ್ 14.5, 15 ಪರ್ಸೆಂಟ್ ಇರುವುದು ಸಾಮಾನ್ಯ. ರುಚಿಗೆ ಕೊಡುವ 30 ಎಂಎಲ್ ನೋಡಲು ಏನೂ ಅಲ್ಲ, ಆದರೆ ಹಾಗೆ ಮೂರು ಸಲ ನುಂಗಿದರೆ ಅವರ ಲೆಕ್ಕದ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’, ಅಂದರೆ 10 ಗ್ರಾಂ ಆಲ್ಕೋಹಾಲ್ ಹೊಟ್ಟೆಗೆ ಹೋದ ಹಾಗೆ. ಒಂದೊಂದು ಕಡೆ ಆರು ವೈನ್ ಇಡುತ್ತಾರೆ. ಕೌಂಟರ್ ಮೇಲೆ ಉಗುಳುವ ಪಾತ್ರೆ ಇರುವುದು ಅದಕ್ಕೇ. ನಮ್ಮವರು ನಾಚಿಕೆ ಪಟ್ಟುಕೊಂಡು ನುಂಗಿಬಿಡುತ್ತಾರೆ. ಉಗುಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ವೈನ್ ಮಾಡುವವರೇ ಅಲ್ಲಿ ಉಗುಳುತ್ತಾರೆ.

ಒಳ್ಳೆಯ ಅನುಭವ ಸಿಕ್ಕಿದ್ದು ಈಡನ್ ವ್ಯಾಲಿ ಕಡೆ ಮೇಲೆ ಹತ್ತಿದಾಗ. ಅಲ್ಲಿ ಎತ್ತರ ಜಾಸ್ತಿ, ಚಳಿ ಜಾಸ್ತಿ, ಬಸ್ಸುಗಳು ಕಡಿಮೆ. ಒಂದು ತಗಡಿನ ಶೆಡ್, ಒಳಗೆ ವಯಸ್ಸಾದ ಒಬ್ಬ ಹೆಂಗಸು, ಬೆರಳುಗಳ ಗೆರೆಗಳಲ್ಲಿ ದ್ರಾಕ್ಷಿಯ ಕಪ್ಪು ಕೂತುಬಿಟ್ಟಿತ್ತು. ಒಂದೇ ವರ್ಷದ ಎರಡು ಶಿರಾಜ್ ಪಕ್ಕಪಕ್ಕ ಸುರಿದರು. ಒಂದು ಕೆಳಗಿನ ಬಯಲಿನ ಹಣ್ಣಿನದ್ದು. ದಪ್ಪ, ಚಾಕೊಲೇಟ್ ವಾಸನೆ, ಬಾಯಿ ತುಂಬ ಸಿಹಿಯ ಭ್ರಮೆ. ಇನ್ನೊಂದು ಮೇಲಿನ ತೋಟದ್ದು. ಮೂಗಿಗೆ ಮೊದಲು ಕಾಳುಮೆಣಸು, ಆಮೇಲೆ ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿಯುತ್ತದಲ್ಲ, ಅಂಥ ಒಗರು. ‘ಯಾವುದು ಇಷ್ಟ ಅಂತ ಈಗ ಹೇಳಬೇಡಿ, ಸ್ವಲ್ಪ ಹೊತ್ತು ಬಿಡಿ’ ಅಂದರು. ಹತ್ತು ನಿಮಿಷ ಕಳೆದ ಮೇಲೆ ಬಯಲಿನದ್ದು ಹಾಗೇ ಇತ್ತು, ಮೇಲಿನದ್ದು ಪೂರ್ತಿ ಬೇರೆಯಾಗಿತ್ತು. ರುಚಿ ನೋಡಲು ಹೋದಾಗ ಗ್ಲಾಸು ಬೇಗ ಖಾಲಿ ಮಾಡಬೇಡಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ, ವಾರದ ನಡುವೆ ಹೋಗಿ. ಆಗ ಅವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ, ಕೌಂಟರಿನ ಕೆಳಗಿರುವ ಬಾಟಲಿ ಮೇಲೆ ಬರುವುದೂ ಆಗಲೇ. ಸುಮಾರು ಕಡೆ ರುಚಿಗೂ ದುಡ್ಡು ಕೊಡಬೇಕು, ಬಾಟಲಿ ಕೊಂಡರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ.

ಊಟಕ್ಕೆ ವೈನರಿಗಳ ರೆಸ್ಟೋರೆಂಟ್ ಬೇಡ, ತನುಂಡಾದ ಏಪೆಕ್ಸ್ ಬೇಕರಿಗೆ ಹೋಗಿ. ಮುಖ್ಯ ರಸ್ತೆ ಬಿಟ್ಟು ಪಕ್ಕದ ಬೀದಿಯಲ್ಲಿದೆ. 1924ರಿಂದ ನಡೆಯುತ್ತಿದೆ, ಈಗಲೂ ಸೌದೆ ಒಲೆ. ಬೀದಿಗೆ ತಿರುಗುವಾಗಲೇ ಹೊಗೆ ಮತ್ತು ಬ್ರೆಡ್ಡಿನ ವಾಸನೆ ಒಟ್ಟಿಗೆ ಬರುತ್ತದೆ. 1842ರಿಂದ ಇಲ್ಲಿ ಬಂದು ನೆಲೆಸಿದ ಜರ್ಮನ್ ಮಾತಿನ ಲುಥೆರನ್ ಕುಟುಂಬಗಳ ತಿಂಡಿಗಳು ಇನ್ನೂ ಉಳಿದಿರುವುದು ಇಂಥ ಕಡೆಯೇ. ಸ್ಟ್ರೊಯ್ಸೆಲ್‌ಕೂಕನ್ ಅನ್ನುವುದನ್ನು ತಿನ್ನಲೇಬೇಕು. ಅಡಿಯಲ್ಲಿ ಮೆತ್ತನೆಯ ಬನ್ನು, ಮೇಲೆ ಬೆಣ್ಣೆ ಸಕ್ಕರೆ ಮೈದಾ ಉದುರುದುರಾಗಿ ಬೆಂದ ಪದರ. ಕಾಗದದ ಚೀಲದಲ್ಲಿ ಕಟ್ಟಿ ಕೊಡುತ್ತಾರೆ, ಬೆಣ್ಣೆ ಕಾಗದಕ್ಕೆ ಇಳಿದು ಕಲೆ ಬೀಳುವ ಮುಂಚೆ ಮುಗಿಸಿಬಿಡಬೇಕು. ಭಾವ ಪೇಸ್ಟಿ, ಅಂದರೆ ಒಳಗೆ ಹೂರಣ ತುಂಬಿ ಬೇಯಿಸಿದ ಕಡುಬಿನಂಥದ್ದು, ತಿಂದರು, ಮತ್ತೆ ಒಳಗೆ ಹೋಗಿ ಇನ್ನೊಂದು ತಂದರು. ಹತ್ತು ಹನ್ನೆರಡು ಡಾಲರ್‌ನಲ್ಲಿ ಹೊಟ್ಟೆ ತುಂಬುತ್ತದೆ. ಸಾಮಾನ್ಯವಾಗಿ ಪೇಸ್ಟಿಯಲ್ಲಿ ಮಾಂಸ ಇರುತ್ತದೆ, ತಿನ್ನದವರು ಮೊದಲೇ ಕೇಳಿ ತೆಗೆದುಕೊಳ್ಳಿ. ಶನಿವಾರ ಬೆಳಗ್ಗೆ ಆಂಗಸ್ಟನ್‌ನಲ್ಲಿ ರೈತರ ಸಂತೆ ನಡೆಯುತ್ತದೆ. ಜನ ಜಾಸ್ತಿ, ಆದರೆ ಬೇಗ ಹೋದರೆ ತಡೆದುಕೊಳ್ಳಬಹುದು.

ರೂಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದ್ರಾಕ್ಷಿ ತೋಟದ ನೋಟ ಅಂತ ರಾತ್ರಿಗೆ 340 ಡಾಲರ್ ಕಿತ್ತುಕೊಂಡರು. ಕಿಟಕಿ ತೆಗೆದರೆ ನೀರಿನ ಟ್ಯಾಂಕು. ಟ್ಯಾಂಕಿನ ಆಚೆ ತೋಟ ಇತ್ತು, ಸುಳ್ಳೇನಲ್ಲ.

ಇನ್ನು ನನ್ನ ಶಿರಾಜ್ ಸಿಕ್ಕಿದ್ದು. ಸೌತ್ ಆಸ್ಟ್ರೇಲಿಯಾದಲ್ಲಿ ಸೂಪರ್ ಮಾರ್ಕೆಟ್‌ನ ದಿನಸಿ ಸಾಲುಗಳಲ್ಲಿ ವೈನ್ ಇಡುವುದಿಲ್ಲ. ಬಾಟಲ್ ಶಾಪ್ ಬೇರೆ, ಮತ್ತು ಹಳ್ಳಿಯ ಪಬ್‌ಗಳಿಗೂ ಒಂದೊಂದು ಅಂಟಿಕೊಂಡಿರುತ್ತದೆ. ಈ ಪಬ್‌ಗಳನ್ನು ಬಿಡಬೇಡಿ. ವೈನರಿಯವರಿಗೂ ಪಬ್‌ನವರಿಗೂ ಹಳೆಯ ಪರಿಚಯ, ಅವರಿಗೂ ನಾಲ್ಕು ಬಾಟಲಿ ಹೋಗಿರುತ್ತದೆ. ನುರಿಯೂಟ್ಪಾ ದಾಟಿ ಒಂದು ಸಣ್ಣ ಊರಿನ ಪಬ್‌ನಲ್ಲಿ, ರಮ್ ಬಾಟಲಿಗಳ ಹಿಂದೆ, ಅದೇ ಲೇಬಲ್. ಎರಡೇ ಬಾಟಲಿ. ವೈನರಿಯ ಬೆಲೆಗಿಂತ 15 ಡಾಲರ್ ಜಾಸ್ತಿ. ಒಬ್ಬ ಗಿರಾಕಿಗೆ ಒಂದೇ ಅಂದರು. ಜೀವನದಲ್ಲಿ ವೈನ್ ಮುಟ್ಟದ ಭಾವ ಹಿಂದಿನಿಂದ ಕಾರ್ಡ್ ಚಾಚಿ, ‘ನಾನೂ ಒಬ್ಬ ಗಿರಾಕಿ ತಾನೇ?’ ಅಂದರು. ಭಾವ ಅಂದರೆ ಹೀಗಿರಬೇಕು ಅಲ್ವಾ.

ಒಂದನ್ನು ಅವತ್ತೇ, ನಮ್ಮದೇ ಬಾಟಲಿ ಒಯ್ಯಲು ಬಿಡುವ ಒಂದು ‘ಬಿವೈಒ’ ಹೋಟೆಲ್‌ಗೆ ಒಯ್ದು ತೆರೆಸಿದೆ. ಬಾಟಲಿ ತೆರೆದುಕೊಟ್ಟಿದ್ದಕ್ಕೆ ಕಾರ್ಕೇಜ್ ಅಂತ ಸ್ವಲ್ಪ ದುಡ್ಡು ತೆಗೆದುಕೊಳ್ಳುತ್ತಾರೆ, ಅಷ್ಟೆ. ಮೊದಲ ಅರ್ಧ ಗಂಟೆ ಏನೂ ಇಲ್ಲ, ಮರದ ವಾಸನೆ ಬಿಟ್ಟರೆ. ಊಟ ಮುಗಿಯುವಾಗ ಅರಳಿತು. ಉಳಿದ ಇನ್ನೊಂದು ಬಾಟಲಿಗೆ ಇನ್ನೂ ಹತ್ತು ವರ್ಷ ಆಯಸ್ಸಿದೆ.

ಹಳೆಯ ವರ್ಷದ್ದು ಬೇಕಾದವರು ಹರಾಜು ನೋಡಿ, ಲ್ಯಾಂಗ್ಟನ್ಸ್‌ನಂಥವರು ಆನ್‌ಲೈನ್‌ನಲ್ಲೇ ನಡೆಸುತ್ತಾರೆ. ಫೋಟೋದಲ್ಲಿ ವೈನಿನ ಮಟ್ಟ ಗಮನಿಸಿ. ಕತ್ತಿನವರೆಗೆ ಇದ್ದರೆ ಸರಿ, ಭುಜಕ್ಕಿಂತ ಕೆಳಗೆ ಇಳಿದಿದ್ದರೆ ಬಾಟಲಿಯ ಒಳಗೆ ಗಾಳಿ ಹೋಗಿದೆ ಅಂತ ಅರ್ಥ. ಬಿಡ್ ಬೆಲೆಯ ಮೇಲೆ ಕಮಿಷನ್ ಬೇರೆ ಸೇರುತ್ತದೆ, ಅದನ್ನು ಸೇರಿಸಿಯೇ ಬಿಡ್ ಮಾಡಿ. ಪೆನ್‌ಫೋಲ್ಡ್ಸ್ ಕಂಪನಿಯ ಹೆಸರಾಂತ ಶಿರಾಜ್ ‘ಗ್ರೇಂಜ್’ ಬೇಕು ಅಂತ ಬರುವವರಿಗೆ ಬರೋಸಾವರೆಗೆ ಬರುವ ಕೆಲಸವೇ ಇಲ್ಲ, ಪೆನ್‌ಫೋಲ್ಡ್ಸ್‌ನ ಮ್ಯಾಗಿಲ್ ಎಸ್ಟೇಟ್ ಅಡಿಲೇಡ್ ನಗರದಲ್ಲೇ ಇದೆ.

ಕೊಂಡಿದ್ದನ್ನು ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಒಂದು ಎಸ್ಕಿ, ಅಂದರೆ ತಂಪು ಉಳಿಸುವ ಡಬ್ಬ, ಇಟ್ಟುಕೊಳ್ಳಿ. ವಾಪಸ್ ಬರುವಾಗ ತೆರಿಗೆ ಕೇಳಿ ಪಡೆಯಿರಿ, ತುಂಬ ಜನ ಇದನ್ನು ಬಿಟ್ಟುಬಿಡುತ್ತಾರೆ. ಟೂರಿಸ್ಟ್ ರಿಫಂಡ್ ಸ್ಕೀಮ್‌ನಲ್ಲಿ ಜಿಎಸ್‌ಟಿ ಜೊತೆಗೆ ವೈನಿಗೆ ಅಂತಲೇ ಇರುವ ತೆರಿಗೆಯ ಬಾಬ್ತು ಕೊಂಡ ಬೆಲೆಯ 14.5 ಪರ್ಸೆಂಟ್ ಕೂಡ ವಾಪಸ್ ಬರುತ್ತದೆ. 330 ಡಾಲರ್ ಬಿಲ್ಲಿಗೆ 77 ಡಾಲರ್ ಮೇಲೆ. ಷರತ್ತು ಏನೆಂದರೆ ಒಬ್ಬರೇ ಮಾರಾಟಗಾರರ ಹತ್ತಿರ ಕನಿಷ್ಠ 300 ಡಾಲರ್ ಕೊಂಡಿರಬೇಕು, ಹೊರಡುವ 60 ದಿನದೊಳಗೆ ಕೊಂಡಿರಬೇಕು, ಟ್ಯಾಕ್ಸ್ ಇನ್‌ವಾಯ್ಸ್ ಕೈಯಲ್ಲಿರಬೇಕು. ಹಾಗಾಗಿ ಪಬ್‌ನಲ್ಲಿ ಒಂದು, ಶೆಡ್‌ನಲ್ಲಿ ಒಂದು ಅಂತ ಕೊಂಡರೆ ಇದು ದಕ್ಕುವುದಿಲ್ಲ, ಊರಿಗೆ ತರುವ ಬಾಟಲಿಗಳನ್ನಾದರೂ ಒಂದೇ ಕಡೆ ಕೊಳ್ಳಿ. ವೈನ್ ಚೆಕ್-ಇನ್ ಬ್ಯಾಗಿನಲ್ಲಿ ಹೋಗುವುದರಿಂದ ಬ್ಯಾಗ್ ಕೊಡುವ ಮುಂಚೆಯೇ ಏರ್‌ಪೋರ್ಟ್‌ನ ಬಾರ್ಡರ್ ಫೋರ್ಸ್ ಕಚೇರಿಯಲ್ಲಿ ಬಾಟಲಿ ತೋರಿಸಿ ಇನ್‌ವಾಯ್ಸ್ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಭಾರತಕ್ಕೆ ಡ್ಯೂಟಿ ಇಲ್ಲದೆ ಒಬ್ಬರಿಗೆ ಎರಡು ಲೀಟರ್, ಅಂದರೆ 750 ಎಂಎಲ್‌ನ ಎರಡು ಬಾಟಲಿ. ಮೂರನೆಯದು ತಂದರೆ ಮಿತಿ ಮೀರುತ್ತದೆ, ಅದಕ್ಕೆ ಇಲ್ಲಿ ಕಟ್ಟುವ ಡ್ಯೂಟಿ ಅಲ್ಲಿ ಸಿಕ್ಕ ರಿಫಂಡನ್ನು ನುಂಗಿ ಹಾಕುತ್ತದೆ. ಮೂರನೆಯದನ್ನು ಅಲ್ಲೇ ಕುಡಿದು ಬನ್ನಿ.