ಬೆರಳು ಮುಂದೆ, ಸದ್ದು ಹಿಂದೆ

ತೀರ್ಥಹಳ್ಳಿಯಲ್ಲಿ ತುಂಗೆಯ ಈ ದಡದಲ್ಲಿ ಕೂತು ಆಚೆ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದ್ದೀರಾ? ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ. ಕೈ ಮತ್ತೆ ಮೇಲೇಳುವ ಹೊತ್ತಿಗೆ 'ಟಪ್' ಅಂತ ಕೇಳುತ್ತದೆ. ಹೋದ ಮಳೆಗಾಲ ನನ್ನ ಮಿಡಿ ಕೀಬೋರ್ಡ್ (ಕೀ ಒತ್ತಿದ್ದನ್ನು ಕಂಪ್ಯೂಟರಿಗೆ ತಿಳಿಸುವುದಷ್ಟೇ ಅದರ ಕೆಲಸ, ಸದ್ದು ಮಾಡುವುದು ಕಂಪ್ಯೂಟರ್) ಕಥೆಯೂ ಹೀಗೇ ಆಗಿತ್ತು.

ಚಿಕ್ಕಮ್ಮ ಹಾಡಿದ ಭಾವಗೀತೆಗೆ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಪಿಯಾನೋ ಸೇರಿಸುತ್ತಿದ್ದೆ. ಹಿಂದೆ ಕೂತು ಕೇಳುತ್ತಿದ್ದ ಚಿಕ್ಕಮ್ಮ, "ಎಂತ ಮಾರಾಯ, ಎಡವಿ ಎಡವಿ ನುಡಿಸ್ತೀಯಲ್ಲ?" ಅಂದರು. ನನಗೂ ಬೆರಳಿನ ಮೇಲೇ ಅನುಮಾನ.

ನೋಡಿದರೆ ಬಫರ್ 1024ರಲ್ಲಿ ಕೂತಿತ್ತು. ಬಫರ್ ಅಂದರೆ ಕಂಪ್ಯೂಟರ್ ಸದ್ದಿನ ಸಣ್ಣ ತುಣುಕುಗಳನ್ನು (ಸ್ಯಾಂಪಲ್) ಒಮ್ಮೆಗೆ ಎಷ್ಟು ತುಂಬಿಸಿ ಹೊರಗೆ ಕಳಿಸುತ್ತದೆ ಅನ್ನುವ ಲೆಕ್ಕ. ಹಿಂದಿನ ಹಾಡು ಮಿಕ್ಸ್ ಮಾಡುವಾಗ ಏರಿಸಿ ಮರೆತಿದ್ದೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅಷ್ಟು ತುಂಬಲಿಕ್ಕೇ 23 ಮಿಲಿಸೆಕೆಂಡ್ ಬೇಕು. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್. ಅಂದರೆ ನಾನು ಜಗಲಿಯಲ್ಲಿ ಕೂತು ನುಡಿಸುವುದು, ಸ್ಪೀಕರ್ ಅಡಿಕೆ ಒಣಗಿಸುವ ಅಂಗಳದ ಆ ತುದಿಯಲ್ಲಿ! ಮೈಕಿನಲ್ಲಿ ಹಾಡುವವರಿಗೆ ಹೋಗುವಾಗಲೂ ಬರುವಾಗಲೂ ತಡ. ಕೀ ಒತ್ತುವ ನಮಗೆ ಪುಣ್ಯಕ್ಕೆ ಬರುವ ದಾರಿಯದ್ದು ಮಾತ್ರ.

ಬಫರ್ 64ಕ್ಕೆ ಇಳಿಸಿದೆ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಶುರುವಾಯಿತು. ಹಳೇ ಲ್ಯಾಪ್‌ಟಾಪ್, ಅಷ್ಟು ಬೇಗ ಲೆಕ್ಕ ಮುಗಿಸಲು ಅದರ ಕೈಲಿ ಆಗಲಿಲ್ಲ. 128ಕ್ಕೆ ಸುಮ್ಮನಾಯಿತು. ತಂತಿ ವಾದ್ಯಗಳ ಟ್ರ್ಯಾಕ್‌ಗಳನ್ನೆಲ್ಲ ಫ್ರೀಜ್ ಮಾಡಿಟ್ಟ (ಮತ್ತೆ ಮತ್ತೆ ಲೆಕ್ಕ ಹಾಕದ ಹಾಗೆ ಸಿದ್ಧ ಆಡಿಯೋ ಮಾಡಿಟ್ಟ) ಮೇಲಂತೂ ಪೂರ್ತಿ ಹಗುರ. ಕರೆಂಟ್ ಹೋದರೆ ಮಾತ್ರ ಮತ್ತೆ ಸಾಸಿವೆ. ಬ್ಯಾಟರಿಗೆ ಹೋದ ತಕ್ಷಣ ಪ್ರೊಸೆಸರ್ ನಿಧಾನವಾಗುತ್ತಿತ್ತು. ಪವರ್ ಸೆಟ್ಟಿಂಗ್ ಬದಲಿಸಿದೆ. ನಮ್ಮೂರ ಆಷಾಢದಲ್ಲಿ ಇದು ದಿನಕ್ಕೆ ನಾಲ್ಕು ಸಲ ಬರುವ ಸಮಸ್ಯೆ.

ಇಷ್ಟಾದರೂ ಬೆರಳಿಗೆ ಸಮಾಧಾನ ಇಲ್ಲ. ತಡ ಎಷ್ಟು ಅಂತ ರೀಪರ್‌ನ ಬಲಮೂಲೆಯಲ್ಲಿ ಸಣ್ಣ ಅಂಕಿ ತೋರಿಸುತ್ತಿದೆ, ಕಿವಿಗೆ ಮಾತ್ರ ತಡವೇ. ಎರಡು ಸಂಜೆ ಕೇಬಲ್, ಡ್ರೈವರ್ ಅಂತ ಎಲ್ಲ ಬಿಚ್ಚಿ ಹಾಕಿದೆ. ಕೊನೆಗೆ ಸಿಕ್ಕಿದ್ದು, ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಟ್ರ್ಯಾಕ್‌ನಲ್ಲಿ ಕೂತಿದ್ದ ಲಿಮಿಟರ್, ಅಂದರೆ ಸದ್ದು ಮಿತಿ ಮೀರದಂತೆ ಹಿಡಿಯುವ ಎಫೆಕ್ಟ್. ಸದ್ದು ಎಲ್ಲಿ ಏರುತ್ತದೆ ಅಂತ ಅದು ಮೊದಲೇ ಇಣುಕಿ ನೋಡಬೇಕು. ಅದಕ್ಕಾಗಿ ಇಡೀ ಹಾಡನ್ನೇ ತಡೆದು ನಿಲ್ಲಿಸುತ್ತದೆ. ಆ ತಡ ಮೂಲೆಯ ಅಂಕಿಯಲ್ಲಿ ಸೇರಿರಲಿಲ್ಲ. ಆಫ್ ಮಾಡಿದೆ. ಕೀ ಒತ್ತಿದ ಕೂಡಲೇ ಸ್ವರ!

(ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ನುಡಿಸುವವರು ಇಷ್ಟೆಲ್ಲ ಓದುವುದೇ ಬೇಡ. ಮೊದಲು ವೈರ್ ಇರೋದು ಹಾಕಿ.)

ಕೀಬೋರ್ಡಿನಲ್ಲಿ ಪಿಟೀಲು ಗುಂಪಿನ ಸದ್ದು ಇಟ್ಟು ನುಡಿಸುವಾಗ ಈಗಲೂ ಹಿಂದೆ ಬಿದ್ದ ಹಾಗೆ ಅನಿಸುತ್ತದೆ, ಆದರೆ ಅದು ಬೇರೆ ಸಂಗತಿ. ಕಮಾನು ತಂತಿಯ ಮೇಲೆ ನಿಧಾನ ಏರುವುದನ್ನೇ ರೆಕಾರ್ಡ್ ಮಾಡಿದ್ದಾರೆ. ಹಾಗಾಗಿ ಪಿಯಾನೋ ಸದ್ದಿನಲ್ಲಿ ನುಡಿಸಿ, ಆಮೇಲೆ ಪಿಟೀಲಿಗೆ ಬದಲಿಸಿ, ಟ್ರ್ಯಾಕನ್ನು ಕೂದಲೆಳೆಯಷ್ಟು ಎಡಕ್ಕೆ, ಅಂದರೆ ತುಸು ಬೇಗ ಶುರುವಾಗುವ ಹಾಗೆ, ಎಳೆಯುತ್ತೇನೆ.

ಮಿಕ್ಸ್ ಮಾಡುವಾಗ ನುಡಿಸುವುದಿಲ್ಲವಲ್ಲ, ತಡವಾದರೂ ತೊಂದರೆ ಇಲ್ಲ; ಬಫರ್ ಮತ್ತೆ 1024. ವಾಪಸ್ ಇಳಿಸಲು ಮರೆಯಬಾರದು ಅಂತ ಸ್ಕ್ರೀನಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದೆ. ಈ ಥಂಡಿಗೆ ಎರಡೇ ದಿನದಲ್ಲಿ ಗೋಂದು ಬಿಟ್ಟು ಕೆಳಗೆ ಬಿತ್ತು.