ಏಡಿ ಬಿಲಕ್ಕೊಂದು ಗ್ರಾಮಸಭೆ

ಹಳೆ ಗೋವಾದ ವೈಸ್‌ರಾಯ್ ಕಮಾನು ದಾಟಿ ಇಳಿದರೆ ಫೆರಿ ಕಟ್ಟೆ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಮಾಂಡವಿಯ ಆಚೆ ದಡವೇ ದೀವಾರ್ ದ್ವೀಪ. ಪಣಜಿಯಲ್ಲಿ ಆರು ವರ್ಷದಿಂದ ಇದ್ದರೂ ನಾನು ಇಲ್ಲಿಗೆ ಬಂದದ್ದು ಈ ಏಪ್ರಿಲ್‌ನ ಭಾನುವಾರವೇ ಮೊದಲು.

ಕರೆದದ್ದು ನಮ್ಮ ಬಿಲ್ಡಿಂಗಿನ ಕಾಂಪೌಂಡ್ ಕಟ್ಟಿದ ಗೌಂಡಿ ಅಣ್ಣ. ಗದಗ ಕಡೆಯವರು. ದ್ವೀಪದ ಒಂದು ಸಣ್ಣ ಊರಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷ ದಾಟಿದೆ. “ನಮ್ಮೂರಾಗ ಗ್ರಾಮಸಭಾ ಐತ್ರಿ ಅಕ್ಕಾರ, ಬರ್ರಿ. ಒಡ್ಡಿನ ಮಾತು ಬರತೈತಿ” ಅಂದಿದ್ದರು. ನಮ್ಮೂರು ಅಂದದ್ದು ದೀವಾರಿಗೆ. ಅದನ್ನು ಕೇಳಿಯೇ ಹೋಗಬೇಕು ಅನ್ನಿಸಿತು.

ಚರ್ಚ್ ಮುಗಿಸಿಕೊಂಡು ಜನ ಬಂದರು. ಹಿಂದಿನ ಸಾಲಲ್ಲಿ ಸುಮ್ನೆ ಕೂತೆ. ಮಾತೆಲ್ಲ ಕೊಂಕಣಿ. ನಾನು ಕುಮಟಾದವಳು, ಕೇಳಿ ಬೆಳೆದ ಭಾಷೆ. ಬೀದಿದೀಪ, ಕಸದ ಗಾಡಿ ಬೇಗ ಮುಗಿದವು. ಆಮೇಲೆ ಒಬ್ಬ ಅಜ್ಜ ಎದ್ದು ನಿಂತು ಅಂಗಿ ತೋಳು ಮಡಚಿದರು. ಒಡ್ಡಿನ ಏಡಿ ಬಿಲದೊಳಗೆ ತಮ್ಮ ಕೈ ಮೊಣಕೈವರೆಗೂ ಹೋಯಿತು ಅಂತ ತೋರಿಸಿದರು. ಹಾಲ್ ಪೂರ್ತಿ ಗಪ್‌ಚಿಪ್.

ಒಂದು ಬಿಲಕ್ಕೆ ಇಷ್ಟು ಹೆದರಿಕೆ ಯಾಕೆ ಅಂತ ಹೊರಗಿನವರಿಗೆ ಅನ್ನಿಸಬಹುದು. ಇಲ್ಲಿನ ಗದ್ದೆ ಖಾಜನ್. ಭರತದ ಉಪ್ಪುನೀರಿಗಿಂತ ತಗ್ಗಿನಲ್ಲಿರುವ ನೆಲ. ಹೊಳೆಗೂ ಗದ್ದೆಗೂ ನಡುವೆ ಇರುವುದು ಆ ಮಣ್ಣಿನ ಒಡ್ಡು ಮಾತ್ರ. ಏಡಿ ಬಿಲದಲ್ಲಿ ನೀರು ಜಿನುಗುತ್ತಾ ಜಿನುಗುತ್ತಾ ಒಂದು ದೊಡ್ಡ ಭರತಕ್ಕೆ ಒಡ್ಡೇ ಕಿತ್ತುಕೊಂಡು ಹೋಗುತ್ತದೆ. ಜೂನ್ ಮಳೆಗೆ ಉಪ್ಪು ತೊಳೆದ ಮೇಲೆ ಇವರು ಬಿತ್ತುವುದು ಕೋರ್ಗುಟ್ ಭತ್ತ. ಸ್ವಲ್ಪ ಉಪ್ಪು ತಾಳುತ್ತದೆ, ನಿಜ. ಆದರೆ ಹೊಳೆಯೇ ನುಗ್ಗಿದರೆ ಅದೂ ಉಳಿಯಲ್ಲ. ನಮ್ಮ ಅಘನಾಶಿನಿ ಹೊಳೆಯ ಗಜನಿ ಗದ್ದೆ, ಅಲ್ಲಿನ ಕಗ್ಗ ಭತ್ತ, ಎಲ್ಲ ಕಣ್ಣ ಮುಂದೆ ಬಂತು.

ಜಗಳ ಜೋರಾಗಿಯೇ ಆಯಿತು. ಖರ್ಚು ಯಾರದು? ಮೀನು ಹಿಡಿಯುವ ಹಕ್ಕಿನ ಹರಾಜಿನ ದುಡ್ಡು ಎಲ್ಲಿ ಹೋಯಿತು? ಗದ್ದೆ ಪಾಳು ಬಿಟ್ಟು ಪರದೇಶಕ್ಕೆ ಹೋದವರ ಪಾಲಿನ ಒಡ್ಡನ್ನು ಯಾರು ನೋಡಬೇಕು? “ಇದು ಪಾಳು ಗದ್ದೆ, ಅದು ಉತ್ತ ಗದ್ದೆ ಅಂತ ನೀರು ಕೇಳಿಕೊಂಡು ಬರುತ್ತದಾ?” ಅಂದರು ಒಬ್ಬ ಹೆಂಗಸು. ಯಾರೋ ಸಿಮೆಂಟ್ ಅಂದಾಗ ನಮ್ಮ ಗೌಂಡಿ ಅಣ್ಣ ಎದ್ದರು. ಗದಗಿನ ರಾಗದ ಕೊಂಕಣಿಯಲ್ಲೇ, ಹಸಿ ಜೇಡಿಯನ್ನು ಹುಲ್ಲಿನ ಜೊತೆ ತುಳಿದು ತುಂಬಬೇಕು, ನಾನು ಬರ್ತೇನೆ ಅಂದರು. ಅವರಿಗೆ ಅಲ್ಲಿ ಒಂದು ಗುಂಟೆ ಗದ್ದೆಯೂ ಇಲ್ಲ. ನನಗೆ ಗಂಟಲು ಕಟ್ಟಿತು.

ಸಭೆ ಮುಗಿದ ಮೇಲೆ ಒಡ್ಡಿನ ಮೇಲೆ ನಡೆದೆವು. ಒಡ್ಡಿನಲ್ಲಿ ನೀರು ಬಿಡುವ ಬಾಯಿಗೆ ಇಲ್ಲಿ ಮಾನಸ್ ಅಂತಾರೆ, ನಮ್ಮ ಕಡೆಯ ಜಂತ್ರಡಿ ಹಾಗೆ. ಬಗ್ಗಿ ನೋಡಿದೆ. ಮರದ ಕದ, ಅಂಚಿಗೆ ಹಸಿರು ಪಾಚಿ. ಭರತ ಏರುತ್ತಿತ್ತು. ಹೊಳೆಯ ನೀರೇ ಒತ್ತಿ ಒತ್ತಿ ಕದ ಮುಚ್ಚಿತು. ಇಳಿತಕ್ಕೆ ಒಳಗಿನ ನೀರು ತಳ್ಳಿ ತಾನೇ ತೆರೆಯುತ್ತದೆ. ಯಂತ್ರ ಇಲ್ಲ, ಕರೆಂಟ್ ಇಲ್ಲ.

ಇದೇ ದ್ವೀಪದಲ್ಲಿ ಗೋವಾ ಕದಂಬರ ಕುಲದೇವರು ಸಪ್ತಕೋಟೇಶ್ವರನ ಗುಡಿ ಇತ್ತು. ಪೋರ್ಚುಗೀಸರು ಕೆಡವಿದ ಮೇಲೆ ಲಿಂಗ ಹೊಳೆಯಾಚೆಯ ನಾರ್ವೆ ಅನ್ನುವ ಊರಿಗೆ ಹೋಯಿತು. ಅಲ್ಲಿನ ಗುಡಿಯನ್ನು ಶಿವಾಜಿ 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದ. ಪೋರ್ಚುಗೀಸರು ಬರುವ ಮೊದಲೇ ಗಾಂವ್ಕಾರಿ ಅಂತ ಊರವರು ಸೇರಿ ಒಡ್ಡು ನೋಡಿಕೊಳ್ಳುತ್ತಿದ್ದರು. ಗುಡಿ ಹೋಯಿತು, ಆಳಿದವರೂ ಹೋದರು. ಏಡಿ ಬಿಲ ಮುಚ್ಚುವ ಕೆಲಸ ಮಾತ್ರ ಹಾಗೇ ಇದೆ, ಅಲ್ವಾ?

ಅಜ್ಜ ನಮ್ಮ ಜೊತೆಗೇ ಬಂದಿದ್ದರು. ನಿಮ್ಮೂರಲ್ಲಿ ಈ ಭತ್ತಕ್ಕೆ ಏನಂತಾರೆ ಅಂತ ಕೇಳಿದರು. “ಕಗ್ಗ” ಅಂದೆ. ಎರಡು ಸಲ ಹೇಳಿ ನೋಡಿದರು. ಮುಂದಿನ ಭಾನುವಾರ ಮನೆಗೊಬ್ಬರು ಮಣ್ಣು ಹೊರಲು ಬರಬೇಕು ಅಂತ ತೀರ್ಮಾನ ಆಗಿತ್ತು. “ನೀನೂ ಬರ್ತೀಯಾ ಮಗಾ?” ಅಂದರು.

ಬುಟ್ಟಿ ಅವರೇ ಕೊಡ್ತಾರಂತೆ. ಏಳು ಗಂಟೆಗೆಲ್ಲ ಫೆರಿ ಕಟ್ಟೆಯಲ್ಲಿ ಇರಬೇಕು.